ಹಂಚಿಕೊಂಡ ಡಿಎಲ್ಎಲ್ ಯಾರ ಮನೇದು?

ಇವತ್ತು ಸ್ವಲ್ಪ ಆಫೀಸ್ ಪುರಾಣ, ಸಹಿಸಿಕೊಳ್ಳಿ :-)

ಮೂರು ವರ್ಷದ ಹಿಂದೆ ಗ್ರಾಹಕರೊಬ್ಬರು ನಮ್ಮ ಕಂಪನಿಯ ಎರಡು ಸಾಫ್ಟ್‌ವೇರ್‌ಗಳಲ್ಲಿ ಒಂದನ್ನು ಅನ್‌ಇನ್‌ಸ್ಟಾಲ್ ಮಾಡಿದರು. ಇನ್ನೊಂದೂ ಮಲಗಿಬಿಟ್ಟಿತು! ಎರಡು ದಿನ ತಲೆ ಕೆರೆದುಕೊಂಡ ಮೇಲೆ ಗೊತ್ತಾಯ್ತು, ಎರಡೂ ಒಂದೇ ಫೋಲ್ಡರಿನ ಒಂದೇ ಡಿಎಲ್ಎಲ್ ಬಳಸುತ್ತಿದ್ದವು. ಇದನ್ನು ಇನ್ನೂ ಎಷ್ಟು ಜನ ಬಳಸುತ್ತಿದ್ದಾರೆ ಅನ್ನೋ ಲೆಕ್ಕವನ್ನು ವಿಂಡೋಸ್ ಇನ್‌ಸ್ಟಾಲರ್ ಇಡುವುದು ಫೈಲಿನ ಹೆಸರಿನ ಮೇಲಲ್ಲ, ಕಾಂಪೊನೆಂಟಿನ ಜಿಯುಐಡಿ ಮೇಲೆ. ಎರಡನೇ ಇನ್‌ಸ್ಟಾಲರ್ ಬರೆದವನು ಅದೇ ಡಿಎಲ್ಎಲ್‌ಗೆ ಬೇರೆ ಜಿಯುಐಡಿ ಕೊಟ್ಟಿದ್ದ. (ಸರಿ, ನಾನೇ ಕೊಟ್ಟಿದ್ದು.) ಹಾಗಾಗಿ ಒಂದರ ಲೆಕ್ಕ ಸೊನ್ನೆಯಾಗಿದ್ದೇ ತಡ, ಫೈಲ್ ಮಾಯ.

ಇದಕ್ಕೆ ಎಲ್ಲರೂ ಹೇಳುವ ಮದ್ದು ಮರ್ಜ್ ಮಾಡ್ಯೂಲ್. ಡಿಎಲ್ಎಲ್, ರಿಜಿಸ್ಟ್ರಿ ಎಂಟ್ರಿ, ಜಿಯುಐಡಿ ಎಲ್ಲ ಸೇರಿಸಿ ಒಂದು ಬುತ್ತಿ ಕಟ್ಟಿಡುವುದು. ಪ್ರತಿ ಟೀಮೂ ಬಿಲ್ಡ್ ಮಾಡುವಾಗ ಅದನ್ನು ತನ್ನ ಎಂಎಸ್ಐ ಒಳಗೆ ಬಿಚ್ಚಿಕೊಳ್ಳುವುದು. ಲೆಕ್ಕವೇನೋ ಸರಿಹೋಗುತ್ತೆ. ನಾವೂ ಅದನ್ನೇ ಮಾಡಿದೆವು. ಆದರೆ ನನಗೆ ಈಗ ಅದು ಅರ್ಧ ಮದ್ದು ಅನ್ನಿಸುತ್ತೆ. ಬಿಚ್ಚಿದ ಮೇಲೆ ಆ ಬುತ್ತಿ ಅವರವರ ಎಂಎಸ್ಐನ ಭಾಗ. ನಾಳೆ ಡಿಎಲ್ಎಲ್‌ನಲ್ಲಿ ಒಂದು ತೂತು ಸಿಕ್ಕಿತು ಅಂದುಕೊಳ್ಳಿ, ಎಲ್ಲ ಟೀಮುಗಳೂ ಮತ್ತೆ ಬಿಲ್ಡ್ ಮಾಡಿ ಗ್ರಾಹಕರಿಗೆ ಕಳಿಸಬೇಕು. ಟೀಮೇ ಮುಚ್ಚಿಹೋಗಿದ್ದರೆ?

2004ರ ಸೆಪ್ಟೆಂಬರಿನಲ್ಲಿ ಜಿಡಿಐ ಪ್ಲಸ್ ಡಿಎಲ್ಎಲ್‌ನಲ್ಲಿ ಜೆಪೆಗ್ ಚಿತ್ರದ ಮೂಲಕ ನುಗ್ಗಬಹುದಾದ ದೋಷ ಬಯಲಾದಾಗ ಆಗಿದ್ದು ಇದೇ ಪಾಡು. ವಿಂಡೋಸ್‌ಗೆ ಪ್ಯಾಚ್ ಹಾಕಿದರೆ ಸಾಲಲಿಲ್ಲ. ಬೇರೆ ಬೇರೆ ಸಾಫ್ಟ್‌ವೇರ್‌ಗಳು ಹೊತ್ತು ತಂದಿದ್ದ ಪ್ರತಿಗಳನ್ನು ಒಂದೊಂದಾಗಿ ಹುಡುಕಿ ಸರಿಮಾಡಬೇಕಾಯ್ತು. ವಿಷುಯಲ್ ಸಿ++ ರನ್‌ಟೈಮಿಗೆ ಮರ್ಜ್ ಮಾಡ್ಯೂಲ್ ಹಂಚುತ್ತಿದ್ದ ಮೈಕ್ರೋಸಾಫ್ಟೇ ಈಗ ಅದು ಬೇಡ, ಪ್ರತ್ಯೇಕ ರೀಡಿಸ್ಟ್ರಿಬ್ಯೂಟಬಲ್ ಬಳಸಿ ಅನ್ನುತ್ತಿದೆ.

ನನ್ನ ವಾದವೂ ಅಷ್ಟೇ. ನಿಜವಾಗಿ ಹಂಚಿಕೊಳ್ಳುವ ವಸ್ತುವಿಗೆ ಅದರದ್ದೇ ಇನ್‌ಸ್ಟಾಲರ್, ಅದರದ್ದೇ ವರ್ಷನ್, ಒಬ್ಬ ಒಡೆಯ ಇರಲಿ. ಉಳಿದವರು ವಿಕ್ಸ್‌ನ ಬರ್ನ್ ತರಹದ ಬೂಟ್‌ಸ್ಟ್ರ್ಯಾಪರ್ ಇಟ್ಟು ಅದನ್ನು ಕರೆದುಕೊಳ್ಳಲಿ. ಡೌನ್‌ಲೋಡ್ ದಪ್ಪಗಾಗುತ್ತೆ, ಗ್ರಾಹಕರ ಪ್ರೋಗ್ರಾಂ ಪಟ್ಟಿಯಲ್ಲಿ ಇನ್ನೊಂದು ಹೆಸರು ಕೂರುತ್ತೆ, ಒಪ್ಪಿದೆ. ಚಿಕ್ಕ ಡಿಎಲ್ಎಲ್ ಆದರೆ ಹಂಚಿಕೊಳ್ಳಲೇಬೇಡಿ, ಅವರವರ ಫೋಲ್ಡರಿನಲ್ಲಿ ಒಂದೊಂದು ಪ್ರತಿ ಇಟ್ಟುಕೊಳ್ಳಿ. ಆಗ ರಿಪೇರಿಯೂ ಅವರವರದೇ ಅಂತ ಎಲ್ಲರಿಗೂ ಗೊತ್ತಿರುತ್ತೆ.

ಹೋದ ತಿಂಗಳು ಮೀಟಿಂಗಿನಲ್ಲಿ ಇದನ್ನೇ ಹೇಳಿ, "ಹಾಗಾದರೆ ನಮ್ಮ ಡಿಎಲ್ಎಲ್‌ಗೆ ಒಡೆಯ ಯಾರು?" ಅಂತ ಕೇಳಿದೆ. ಎಲ್ಲರೂ ತಮ್ಮ ತಮ್ಮ ಲ್ಯಾಪ್‌ಟಾಪ್ ನೋಡತೊಡಗಿದರು. ಕೊನೆಗೆ ಕೇಳಿದವನ ಕೊರಳಿಗೇ ಕಟ್ಟಿದರು.