ಸಾವಿನ ಮನೆಯಲ್ಲಿ ಕೇಳಿದ ಒಂದು ಪ್ರಶ್ನೆ

ಗೂಡಲೂರು ಎಂದೊಡನೆ ಎಲ್ಲರಿಗೂ ನೀಲಗಿರಿ ನೆನಪಾಗುತ್ತದೆ. ನಾವು ಹೇಳುತ್ತಿರುವುದು ತೇನಿ ಜಿಲ್ಲೆಯ ಗೂಡಲೂರು, ಕಂಬಂ ಕಣಿವೆಯ ದ್ರಾಕ್ಷಿ ತೋಟಗಳ ಊರು. ಮನೆಯಲ್ಲಿ ಕನ್ನಡ ಆಡುವ, ಶಾಲೆಯಲ್ಲಿ ತಮಿಳು ಓದುವ ಕುಟುಂಬಗಳು ಈ ಕಣಿವೆಯಲ್ಲಿವೆ. ಅಂಥ ಒಂದು ನೆಂಟರ ಮನೆಯಲ್ಲಿ ಅಜ್ಜಿ ತೀರಿಕೊಂಡಿದ್ದರು. 16ನೇ ದಿನದ ಕರ್ಮ ಮುಗಿದ ಮೇಲೆ, 10ನೇ ತರಗತಿಯ ಮೊಮ್ಮಗ ಪಕ್ಕಕ್ಕೆ ಬಂದು ಕೇಳಿದ: “ಮಾಮ, ಇದನ್ನೆಲ್ಲ ಮಾಡದಿದ್ರೆ ಅಜ್ಜಿಗೆ ಏನಾಗ್ತಿತ್ತು?”

ಇಷ್ಟು ವರ್ಷ ಕನ್ನಡ ಮಾಧ್ಯಮದಲ್ಲಿ ಪಾಠ ಹೇಳಿದ ನಮಗೆ ಉತ್ತರ ಹೊಳೆಯಲಿಲ್ಲ!

ಊರಿಗೆ ಮರಳಿ ಯು.ಆರ್. ಅನಂತಮೂರ್ತಿಯವರ ‘ಸಂಸ್ಕಾರ’ (1965) ತೆಗೆದೆವು. ಆಚಾರ ಬಿಟ್ಟಿದ್ದ ನಾರಣಪ್ಪ ಸತ್ತಿದ್ದಾನೆ. ಹೆಣ ಎತ್ತುವ ತನಕ ಅಗ್ರಹಾರದಲ್ಲಿ ಯಾರೂ ಉಣ್ಣುವಂತಿಲ್ಲ, ಆದರೆ ಸಂಸ್ಕಾರ ಮಾಡಲು ಯಾರೂ ಮುಂದೆ ಬರುವುದಿಲ್ಲ. ಪ್ರಾಣೇಶಾಚಾರ್ಯರು ಗ್ರಂಥದಲ್ಲಿ ಹುಡುಕುತ್ತಾರೆ, ಮಾರುತಿಯ ಮುಂದೆ ಕಾಯುತ್ತಾರೆ. ಉತ್ತರವಿಲ್ಲ. ಕೊನೆಗೆ ದಹನ ಮಾಡಿಸುವವಳು ಚಂದ್ರಿ, ನೆರವಾಗುವವನು ಒಬ್ಬ ಮುಸ್ಲಿಂ ಮೀನು ವ್ಯಾಪಾರಿ. ಇದನ್ನು ಧರ್ಮದ ವಿರುದ್ಧದ ಕಥೆ ಎಂದಷ್ಟೇ ಓದುವುದು ಅವಸರವಾದೀತು. ಸತ್ತವನನ್ನು ಹಾಗೇ ಬಿಡಬಾರದು ಎಂದು ಮೈಮೇಲಿನ ಚಿನ್ನ ತೆಗೆದಿಟ್ಟ ಚಂದ್ರಿಯದೂ ನಂಬಿಕೆಯೇ ಅಲ್ಲವೇ?

ಎಸ್.ಎಲ್. ಭೈರಪ್ಪನವರ ‘ಗೃಹಭಂಗ’ದಲ್ಲಿ (1970) ನಂಜಮ್ಮ ಒಂದೇ ಪ್ಲೇಗಿಗೆ ಇಬ್ಬರು ಮಕ್ಕಳನ್ನು ಕಳೆದುಕೊಳ್ಳುತ್ತಾಳೆ. ಆಚಾರದ ಮಾತು ಬಲ್ಲ ಮನೆಯವರಿಂದ ಸಿಗದ ಆಸರೆ ಆಕೆಗೆ ಸಿಗುವುದು ಭಿಕ್ಷೆ ಎತ್ತಿ ಬದುಕುವ ಜಂಗಮ ಮಾದೇವಯ್ಯನವರಿಂದ. ಬಾಲ್ಯದಲ್ಲಿ ತಾಯಿಯನ್ನೂ ಒಡಹುಟ್ಟಿದವರನ್ನೂ ಪ್ಲೇಗಿಗೆ ಕಳೆದುಕೊಂಡ ಲೇಖಕರು ಬರೆದದ್ದು ಅದು. ಅದಕ್ಕೇ ಅಲ್ಲಿ ಸಾವಿನ ಬಗ್ಗೆ ಉಪದೇಶವಿಲ್ಲ.

ಈ ಎರಡನ್ನೂ ಓದಿದ ಮೇಲೆ ನಮಗೆ ಅನ್ನಿಸಿದ್ದು ಇಷ್ಟೇ. ಸಾವು ಬಂದಾಗ ನಂಬಿಕೆಯನ್ನು ಅಳೆಯಬೇಕಾದದ್ದು ಶಾಸ್ತ್ರ ಎಷ್ಟು ಸರಿಯಾಗಿ ನಡೆಯಿತು ಎಂಬುದರಿಂದಲ್ಲ. ಅದು ಜನರನ್ನು ಸತ್ತವರ ಮನೆಗೆ ಕರೆತಂದಿತೋ, ಬಾಗಿಲಲ್ಲೇ ನಿಲ್ಲಿಸಿತೋ ಎಂಬುದರಿಂದ.

ನಮ್ಮ ಶಾಲೆಗಳಲ್ಲಿ ಸಾವೆಂದರೆ ಅಪಶಕುನದ ಮಾತು. ತಂದೆಯನ್ನು ಕಳೆದುಕೊಂಡ ಮಗು ಮತ್ತೆ ತರಗತಿಗೆ ಬಂದರೆ ಹಾಜರಿ ಹಾಕಿ ಸುಮ್ಮನಾಗುತ್ತೇವೆ. ‘ಸಂಸ್ಕಾರ’ ಪೂರ್ತಿಯಾಗಿ ಮಕ್ಕಳ ಪುಸ್ತಕವಲ್ಲ, ನಿಜ. ಆದರೆ ಮೇಷ್ಟ್ರುಗಳು, ತಂದೆತಾಯಂದಿರು ಓದಬಹುದು. ದೊಡ್ಡ ತರಗತಿಯವರಿಗೆ ‘ಗೃಹಭಂಗ’ದ ಆ ಭಾಗವನ್ನು ಓದಿ ಹೇಳಬಹುದು. ಗೂಡಲೂರಿನ ಹುಡುಗನಿಗೆ ಕನ್ನಡ ಅಕ್ಷರ ಬಾರದು. ನಮ್ಮ ಮಕ್ಕಳಿಗೆ ಬರುತ್ತದೆ. ಬಂದೂ ಬೀರುವಿನಲ್ಲಿಟ್ಟು ಬೀಗ ಹಾಕಿದರೆ ಏನು ಲಾಭ?

ಆ ಹುಡುಗನಿಗೆ ಆಮೇಲೆ ಫೋನಿನಲ್ಲಿ ಹೇಳಿದೆವು: “ಅಜ್ಜಿಗೆ ಏನಾಗ್ತಿತ್ತೋ ನಮಗೆ ಗೊತ್ತಿಲ್ಲಪ್ಪ. ಆದರೆ 16 ದಿನ ನಿಮ್ಮಮ್ಮ ಒಬ್ಬಳೇ ಕೂತದ್ದನ್ನ ನೀನು ನೋಡಿದೆಯಾ?”

ಸ್ವಲ್ಪ ಹೊತ್ತು ಸುಮ್ಮನಿದ್ದು, “ಇಲ್ಲ ಮಾಮ” ಅಂದ.