ಅಕಿ ಕೌದಿ ಹೊಲೀಲಿ ಬಿಡ್ರಿ

"ಗಂಡ ಹೋಗಿ ಎರಡ ತಿಂಗಳಾಗಿಲ್ಲ, ಆಗಲೇ ಕೌದಿ ಹರವಿಕೊಂಡು ಕೂತಾಳ" ಅಂತ ನಮ್ಮ ನೆಗೆಣ್ಣಿ ಬಗ್ಗೆ ಒಂದಿಬ್ಬರು ಮಾತಾಡಿದರು. ಮಾತಾಡಿದವರೂ ಇದನ್ನ ಓದತಾರ, ಓದಲಿ. ಅಕಿ ಮಾಡಿದ್ದು ಸರಿ ಅದ ಅಂತನ ನಾ ಬರಿಯೂದು.

ಹದಿಮೂರನೇ ದಿನ ಮುಗದ ಮ್ಯಾಲೆ ಅಕಿ ಮಾತ ಬಿಟ್ಟಿದ್ದಳು. ಬಂದವರೆಲ್ಲಾ "ಅತ್ತುಬಿಡವಾ, ಹಗುರಾಗತದ" ಅಂದರು. ಅಳು ಬರಬೇಕಲ್ಲ! ಒಂದಿನ ಟ್ರಂಕಿನಿಂದ ಭಾವನವರ ಧೋತರ, ಅಂಗಿ, ತನ್ನ ಹಳೇ ಇಳಕಲ್ ಸೀರಿ ತಗದು ಕತ್ತರಿ ಹಾಕಿದಳು. ತುಂಡು ಜೋಡಿಸಿ, ಅಂಚಿನಿಂದ ಸುತ್ತು ಸುತ್ತು ಒಳಗ ಹೊಲಕೋತ ಬಂದಳು. ನಾನೂ ಒಂದ ಬಾಜೂ ಹಿಡದು ಕೂತೆ. ಮೂರನೇ ದಿನ ಅಂಗಿ ಕಿಸೆ ಇದ್ದ ತುಂಡು ಬಂತು. ಕಿಸೆ ಬಿಚ್ಚಲಿಲ್ಲ, ಹಂಗ ಇಟ್ಟು ಹೊಲದಳು. "ಇದರಾಗ ಅಡಕಿ ಚೂರು ಇರತಿದ್ವು. ಒಗಿಯೋ ಮುಂದ ದಿನಾ ಬೈತಿದ್ದೆ" ಅಂದಳು. ಆವಾಗ ಅತ್ತಳು ನೋಡ್ರಿ.

ಈಗ ಆರ್ಟ್ ಥೆರಪಿ ಅಂತ ಕೇಳತೀರಲ್ಲ, ಆ ಹೆಸರು ಇಟ್ಟಾವ ಏಡ್ರಿಯನ್ ಹಿಲ್ ಅನ್ನೋ ಇಂಗ್ಲೆಂಡಿನ ಚಿತ್ರಕಾರ. 1938ರಾಗ ಕ್ಷಯ ಆಗಿ ಸ್ಯಾನಟೋರಿಯಂನ್ಯಾಗ ಇದ್ದಾಗ ಹಾಸಿಗಿ ಮ್ಯಾಲೆ ಕೂತು ಚಿತ್ರ ತಗೀತಿದ್ದ. ಮುಂದ ಉಳದ ರೋಗಿಗಳಿಗೂ ಕಲಿಸಿದ. 1942ರಾಗ ಅದಕ್ಕ ಈ ಹೆಸರು ಕೊಟ್ಟ. ಈಗ ಅದಕ್ಕಂತ ಕಲಿತವರು ಇರತಾರ. ಚಿತ್ರ ಚಂದ ಆತೋ ಇಲ್ಲೋ ಅವರು ನೋಡೂದಿಲ್ಲ, ತಗದದ್ದು ಮುಂದಿಟ್ಟುಕೊಂಡು ಮಾತಾಡಸತಾರ. ನಾವು ಮನ್ಯಾಗ ಮಾಡೂದಕ್ಕ ಅಷ್ಟ ದೊಡ್ಡ ಹೆಸರು ಬ್ಯಾಡ. ಆದ್ರ "ಹೊಲಿಗಿ ಸೊಟ್ಟ ಆಗೇದ" ಅನ್ನೂದರ ಬಿಡಬಹುದಲ್ಲ? ನಮ್ಮ ಅತ್ತಿಯವರು ಅಂದೇಬಿಟ್ಟರು. ಅಕಿ ಎರಡ ದಿನ ಸೂಜಿ ಮುಟ್ಟಲಿಲ್ಲ.

ಹಂಗಂತ ಕೌದಿಯಿಂದ ಎಲ್ಲಾ ಸರಿಹೋತು ಅಂತ ನಾ ಹೇಳೂದಿಲ್ಲ. ನಸುಕಿನ್ಯಾಗ ಮೂರಕ್ಕ ಎದ್ದು ಕೂಡತಿದ್ದಳು, ಊಟ ಸೇರತಿರಲಿಲ್ಲ. ಡಾಕ್ಟರ ಕಡೆ ಕರಕೊಂಡು ಹೋದೆ, ಗುಳಗಿ ಸುರು ಆದ ಮ್ಯಾಲೆನ ನಿದ್ದಿ ಬಂತು. "ಹೊಲಿಗಿ ಅದಲ್ಲ, ಗುಳಗಿ ಯಾಕ?" ಅಂತ ಅದಕ್ಕೂ ಒಂದ ಮಾತು ಬಂತು. ಅಕಿಗೆ ಎರಡೂ ಬೇಕಾಗಿತ್ತು. ಡಾಕ್ಟರ ಕಡೆ ಹೋಗಲಿಕ್ಕೆ ನಾಚಿಕಿ ಅನಸಿದ್ರ ಸರಕಾರದ ಟೆಲಿ ಮಾನಸ್ ಅದ, 14416. ದುಡ್ಡಿಲ್ಲ, ಹಗಲು ರಾತ್ರಿ ಯಾವಾಗ ಬೇಕಾದ್ರೂ ಮಾಡ್ರಿ, ಕನ್ನಡದಾಗ ಮಾತಾಡತಾರ.

ಕೌದಿ ಅರ್ಧಾ ಆಗೇದ. ಮಧ್ಯಾಹ್ನ ಎರಡರ ಮ್ಯಾಲೆ ಬರ್ರಿ, ಸೂಜಿ ಭಾಳ ಅವ. ಯಾವಾಗ ಮುಗೀತದ ಅಂತ ಮಾತ್ರ ಅಕಿನ್ನ ಕೇಳಬ್ಯಾಡ್ರಿ.