ಕಿವಿಗೆ ಕೇಳದ ಬಿಸಿ, ಕಾನೂನಿಗೆ ಕಾಣದ ಟರ್ಬೊ

ಹಾಸನದ ಕಡೆಯ ಪರಿಚಿತ ಲಾರಿ ಮಾಲೀಕರೊಬ್ಬರು ಕೆಲವು ವರ್ಷಗಳ ಹಿಂದೆ ತಮ್ಮ ಹಳೆಯ ಲಾರಿಗೆ ಟರ್ಬೊಚಾರ್ಜರ್ ಕೂರಿಸಿಕೊಂಡರು. ಮಾಲೀಕರೂ ಅವರೇ, ಚಾಲಕರೂ ಅವರೇ. ಇರುವುದು ಒಂದೇ ಲಾರಿ. ಮಂಗಳೂರಿನಿಂದ ಸರಕು ಹೇರಿಕೊಂಡು ಶಿರಾಡಿ ಘಾಟಿ ಹತ್ತುವಾಗ ಹೊಸ ಲಾರಿಗಳು ಒಂದೊಂದಾಗಿ ತಮ್ಮನ್ನು ಹಿಂದಿಕ್ಕಿ ಹೋಗುವುದನ್ನು ನೋಡಿ ಅವರಿಗೆ ಸಾಕಾಗಿತ್ತು. ಗುಜರಿ ಅಂಗಡಿಯಲ್ಲಿ ಒಂದು ಹಳೆಯ ಟರ್ಬೊ ಸಿಕ್ಕಿತು. ಹೆದ್ದಾರಿ ಬದಿಯ ವರ್ಕ್‌ಶಾಪಿನ ಮೇಸ್ತ್ರಿ ಹೊಗೆ ಹೊರಡುವ ಮ್ಯಾನಿಫೋಲ್ಡಿಗೆ ಬೆಸುಗೆ ಹಾಕಿ, ಆಯಿಲ್ ಪೈಪ್ ಎಳೆದು, ಎರಡು ದಿನದಲ್ಲಿ ಅದನ್ನು ಜೋಡಿಸಿಕೊಟ್ಟರು. ಬಳಿಕ ಡೀಸೆಲ್ ಪಂಪಿನ ಸ್ಕ್ರೂವನ್ನು ಒಂದಿಷ್ಟು ತಿರುಗಿಸಿ, ಎಂಜಿನ್ನಿನ ಸದ್ದಿಗೆ ಕಿವಿಗೊಟ್ಟು, ಸೈಲೆನ್ಸರಿನ ಹೊಗೆ ನೋಡಿ ‘ಸರಿಯಾಯಿತು’ ಎಂದರು.

ಮೊದಲ ವಾರ ಆ ಮಾಲೀಕರು ಫೋನ್ ಮಾಡಿ, ‘ಘಾಟಿಯಲ್ಲಿ ಈಗ ಒಂದು ಗೇರು ಮೇಲೇ ಹತ್ತುತ್ತದೆ ಸಾರ್’ ಎಂದು ಸಂಭ್ರಮಪಟ್ಟರು. ಎರಡನೆಯ ತಿಂಗಳು ಅದೇ ಘಾಟಿಯ ನಡುವೆ ಎಂಜಿನ್ ನಿಂತಿತು. ಬಿಚ್ಚಿ ನೋಡಿದರೆ ಒಂದು ಪಿಸ್ಟನ್ನಿನ ತಲೆ ಕರಗಿ ತೂತು ಬಿದ್ದಿತ್ತು. ಎಂಜಿನ್ ರಿಪೇರಿಗೆ ಸಾಲ, ಲಾರಿ ನಿಂತ ದಿನಗಳ ಬಾಡಿಗೆ ನಷ್ಟ, ತಪ್ಪದೆ ಬರುವ ಕಂತು. ಆ ಕುಟುಂಬ ಚೇತರಿಸಿಕೊಳ್ಳಲು ಎರಡು ವರ್ಷ ಹಿಡಿಯಿತು.

ಇದರಲ್ಲಿ ತಪ್ಪು ಯಾರದು? ಟರ್ಬೊದ್ದೇ ತಪ್ಪು ಎನ್ನುವವರಿದ್ದಾರೆ. ಗುಜರಿ ಮಾಲಿನದು ಎನ್ನುವವರೂ ಇದ್ದಾರೆ. ಮೇಸ್ತ್ರಿಯ ಕೈಗುಣದಲ್ಲಿ ಕೊರತೆಯಿರಲಿಲ್ಲ. ಅವರು ಹಾಕಿದ ಬೆಸುಗೆ ಕೊನೆಯವರೆಗೂ ಸೋರಲಿಲ್ಲ. ಕೊರತೆಯಿದ್ದದ್ದು ಅಳತೆಯಲ್ಲಿ. ಈ ಅಳತೆಯ ಕೊರತೆ ಒಬ್ಬ ಮೇಸ್ತ್ರಿಯದಲ್ಲ. ನಮ್ಮ ಕಾನೂನು, ನಮ್ಮ ತಪಾಸಣೆ, ನಮ್ಮ ತಾಂತ್ರಿಕ ಶಿಕ್ಷಣ ಎಲ್ಲಕ್ಕೂ ಸೇರಿದ್ದು ಎಂಬುದು ಈ ಲೇಖನದ ವಾದ.

ಟರ್ಬೊ ಎಂಬುದು ಹೊಸ ಮಾಯೆಯೇನೂ ಅಲ್ಲ. ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್‌ಫ್ರೆಡ್ ಬ್ಯೂಖಿ ಇದರ ಕಲ್ಪನೆಗೆ ಪೇಟೆಂಟ್ ಪಡೆದದ್ದು 1905ರಲ್ಲಿ. ಎಂಜಿನ್ನಿನಲ್ಲಿ ಉರಿಯುವ ಇಂಧನದ ಶಕ್ತಿಯಲ್ಲಿ ಸುಮಾರು ಮೂರನೆಯ ಒಂದು ಭಾಗ ಬಿಸಿ ಹೊಗೆಯಾಗಿ ಹೊರಗೆ ಹೋಗುತ್ತದೆ. ಆ ಹೊಗೆಯಿಂದ ಒಂದು ಚಕ್ರವನ್ನು ತಿರುಗಿಸಿ, ಅದೇ ದಂಡಕ್ಕೆ ಜೋಡಿಸಿದ ಇನ್ನೊಂದು ಚಕ್ರದಿಂದ ಗಾಳಿಯನ್ನು ಒತ್ತಿ ಸಿಲಿಂಡರಿಗೆ ತುಂಬುವುದೇ ಟರ್ಬೊದ ಕೆಲಸ. ಇಂದು ಮಾರಾಟವಾಗುವ ಹೊಸ ಭಾರಿ ಡೀಸೆಲ್ ಲಾರಿಗಳೆಲ್ಲ ಟರ್ಬೊ ಸಹಿತವೇ ಬರುತ್ತವೆ. ಆದರೆ ಅದಿಲ್ಲದ ಹಳೆಯ ಲಾರಿಗಳು ಕಲ್ಲು, ಮಣ್ಣು, ನೀರು ಸಾಗಿಸುತ್ತ ಊರೂರುಗಳಲ್ಲಿ ಇನ್ನೂ ಜೀವ ಹಿಡಿದುಕೊಂಡಿವೆ.

ಇಲ್ಲಿ ಬಹಳ ಮಂದಿಗೆ ತಿಳಿಯದ ಸಂಗತಿಯೊಂದಿದೆ. ಎಂಜಿನ್ನಿಗೆ ಬಲ ಕೊಡುವುದು ಟರ್ಬೊ ಅಲ್ಲ, ಡೀಸೆಲ್. ಟರ್ಬೊ ಕೊಡುವುದು ಹೆಚ್ಚಿನ ಡೀಸೆಲ್ ಉರಿಯಲು ಬೇಕಾದ ಗಾಳಿಯನ್ನು ಮಾತ್ರ. ಒಂದು ಕಿಲೋ ಡೀಸೆಲ್ ಪೂರ್ತಿ ಉರಿಯಲು ಲೆಕ್ಕದ ಪ್ರಕಾರ ಸುಮಾರು 14.5 ಕಿಲೋ ಗಾಳಿ ಸಾಕು. ಆದರೆ ಡೀಸೆಲ್ ಎಂಜಿನ್ನಿನಲ್ಲಿ ಗಾಳಿ, ಇಂಧನಗಳು ಬೆರೆಯಲು ಸಿಗುವ ಕಾಲ ಅತ್ಯಲ್ಪ. ಹೀಗಾಗಿ ಕಪ್ಪು ಹೊಗೆ ಬಾರದಿರಲು 20 ಕಿಲೋ ಆಸುಪಾಸು ಗಾಳಿ ಬೇಕಾಗುತ್ತದೆ. ಟರ್ಬೊ ಹಾಕಿ ಪಂಪನ್ನು ಮುಟ್ಟದೆ ಬಿಟ್ಟರೆ ಎಂಜಿನ್ ಸ್ವಚ್ಛವಾಗಿ ಉರಿಯುತ್ತದೆ, ಬಲ ಮಾತ್ರ ಹೆಚ್ಚೇನೂ ಏರುವುದಿಲ್ಲ. ಆದ್ದರಿಂದಲೇ ಮೇಸ್ತ್ರಿಯ ಕೈ ಪಂಪಿನ ಸ್ಕ್ರೂವಿನತ್ತ ಹೋಗುತ್ತದೆ. ಆ ಸ್ಕ್ರೂ ಎಲ್ಲಿ ನಿಲ್ಲಬೇಕು ಎಂಬುದೇ ಟ್ಯೂನಿಂಗ್.

ಅದು ಎಲ್ಲಿ ನಿಲ್ಲಬೇಕೆಂದು ಕಿವಿ ಹೇಳಲಾರದು. ಇಂಧನ ಹೆಚ್ಚಿದಂತೆ ಹೊಗೆಯ ಬಿಸಿ ಏರುತ್ತದೆ. ಆ ಬಿಸಿಗೆ ಸದ್ದಿಲ್ಲ. ಟರ್ಬೊದ ಮುಂಚೆ ಹೊಗೆಯ ಬಿಸಿ 700 ಡಿಗ್ರಿ ಸೆಲ್ಸಿಯಸ್ ಆಸುಪಾಸನ್ನು ಹೆಚ್ಚು ಹೊತ್ತು ಮೀರಬಾರದು ಎಂಬುದು ಇಂಥ ಎಂಜಿನ್ ಕಟ್ಟುವವರ ರೂಢಿಯ ನಿಯಮ. ಪಿಸ್ಟನ್ನಿನ ಮುಖ್ಯ ಲೋಹವಾದ ಅಲ್ಯೂಮಿನಿಯಂ 660 ಡಿಗ್ರಿಗೇ ಕರಗುತ್ತದೆ. ಅದಕ್ಕಿಂತ ಎಷ್ಟೋ ಬಿಸಿಯಾದ ಉರಿಯ ನಡುವೆ ಪಿಸ್ಟನ್ ಉಳಿಯುವುದು ಆಯಿಲ್ ಮತ್ತು ಸಿಲಿಂಡರಿನ ಗೋಡೆ ಅದರ ಬಿಸಿಯನ್ನು ಎಳೆದುಕೊಳ್ಳುತ್ತಿರುವುದರಿಂದ ಮಾತ್ರ. ವರ್ಕ್‌ಶಾಪಿನ ಅಂಗಳದಲ್ಲಿ ಖಾಲಿ ಲಾರಿಯ ಆಕ್ಸಿಲರೇಟರ್ ಒತ್ತಿದಾಗ ಈ ಬಿಸಿ ಏರುವುದೇ ಇಲ್ಲ. ಅದು ಏರುವುದು ತುಂಬಿದ ಲಾರಿ ಅರ್ಧ ಗಂಟೆ ಘಾಟಿ ಹತ್ತುವಾಗ. ಮೇಸ್ತ್ರಿ ‘ಸರಿಯಾಯಿತು’ ಎಂದ ಜಾಗವೂ ಎಂಜಿನ್ ಸತ್ತ ಜಾಗವೂ ಬೇರೆ ಬೇರೆಯಾಗಿರುವುದು ಇದೇ ಕಾರಣಕ್ಕೆ.

ಅಳೆಯಬೇಕಾದದ್ದು ಇದೊಂದೇ ಅಲ್ಲ. ಗಾಳಿಯನ್ನು ವಾತಾವರಣದ ಎರಡು ಪಟ್ಟು ಒತ್ತಡಕ್ಕೆ ಒತ್ತಿದರೆ 30 ಡಿಗ್ರಿಯಲ್ಲಿದ್ದ ಗಾಳಿ 120 ಡಿಗ್ರಿಯಷ್ಟು ಬಿಸಿಯಾಗುತ್ತದೆ. ಬಿಸಿ ಗಾಳಿ ಹಿಗ್ಗುವುದರಿಂದ ಟರ್ಬೊದ ಲಾಭದಲ್ಲಿ ಒಂದು ಪಾಲು ಹೋಗುತ್ತದೆ. ಅದನ್ನು ತಣಿಸಲು ಇಂಟರ್‌ಕೂಲರ್ ಬೇಕು. ಟರ್ಬೊ ಇನ್ನೂ ವೇಗ ಹಿಡಿಯದಿರುವಾಗ ಪಂಪು ಪೂರ್ತಿ ಡೀಸೆಲ್ ಸುರಿದರೆ ರಸ್ತೆಗೆಲ್ಲ ಕಪ್ಪು ಹೊಗೆ. ಅದನ್ನು ತಡೆಯಲು ಗಾಳಿಯ ಒತ್ತಡ ನೋಡಿಕೊಂಡು ಇಂಧನ ಬಿಡುವ ಸಾಧನವೊಂದು ಪಂಪಿನ ಮೇಲಿರಬೇಕು. ಟೈಮಿಂಗ್ ಮುಂದಿದ್ದರೆ ಸಿಲಿಂಡರಿನ ಒತ್ತಡ ಮಿತಿಮೀರಿ ಹೆಡ್ ಗ್ಯಾಸ್ಕೆಟ್ ಹೋಗುತ್ತದೆ. ತೀರ ಹಿಂದಿಟ್ಟರೆ ಹೊಗೆಯ ಬಿಸಿ ಮತ್ತಷ್ಟು ಏರುತ್ತದೆ. ಟರ್ಬೊದ ದಂಡ ನಿಮಿಷಕ್ಕೆ ಲಕ್ಷ ಸುತ್ತಿನ ಆಸುಪಾಸು ತಿರುಗುತ್ತದೆ, ಅದನ್ನು ಹಿಡಿದಿರುವುದು ಆಯಿಲಿನ ತೆಳು ಪದರ. ಘಾಟಿ ಹತ್ತಿದ ಕೂಡಲೇ ಎಂಜಿನ್ ಆಫ್ ಮಾಡಿದರೆ ಆ ಆಯಿಲ್ ಅಲ್ಲಿಯೇ ಸುಟ್ಟು ಕರಿಯಾಗುತ್ತದೆ. ಟರ್ಬೊಗೆಂದೇ ಎಂಜಿನ್ ರೂಪಿಸುವ ಕಾರ್ಖಾನೆಗಳು ಪಿಸ್ಟನ್, ಆಯಿಲ್, ರೇಡಿಯೇಟರ್, ಕ್ಲಚ್ ಎಲ್ಲವನ್ನೂ ಅದಕ್ಕೆ ತಕ್ಕಂತೆ ಲೆಕ್ಕ ಹಾಕುತ್ತವೆ. ಬಲ ಹೆಚ್ಚಾದ ಹಳೆಯ ಲಾರಿಯ ಬ್ರೇಕು ಮಾತ್ರ ಮೊದಲಿನದೇ. ಹತ್ತುವ ಬಲ ಸಿಕ್ಕಿತೆಂದು ಇನ್ನೆರಡು ಟನ್ ಹೇರಿದ ಲಾರಿ ಅದೇ ಘಾಟಿಯನ್ನು ಇಳಿಯಲೂ ಬೇಕಲ್ಲವೇ?

ಈಗ ಕಾನೂನಿನತ್ತ ನೋಡೋಣ. ಮೋಟಾರು ವಾಹನ ಕಾಯ್ದೆ 1988ರ 52ನೇ ಸೆಕ್ಷನ್ ಪ್ರಕಾರ, ನೋಂದಣಿ ಪತ್ರದ ವಿವರಗಳು ತಯಾರಕರು ಮೂಲದಲ್ಲಿ ಕೊಟ್ಟದ್ದಕ್ಕಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಗಟ್ಟಿಯಾಗಿ ಎತ್ತಿ ಹಿಡಿಯಿತು. ಅದೇ ವರ್ಷದ ತಿದ್ದುಪಡಿಯು ಇಂಥ ಮಾರ್ಪಾಡಿಗೆ ಆರು ತಿಂಗಳವರೆಗೆ ಜೈಲು ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಇಲ್ಲವೇ ಎರಡನ್ನೂ ವಿಧಿಸಲು ಅವಕಾಶ ಕೊಟ್ಟಿತು. ಕಾಗದದಲ್ಲಿ ಕಾನೂನು ಕಠಿಣವಾಗಿಯೇ ಇದೆ. ಆದರೆ ಅದಕ್ಕೆ ಕಣ್ಣಿಲ್ಲ.

ಎಮಿಷನ್ ಟೆಸ್ಟನ್ನೇ ತೆಗೆದುಕೊಳ್ಳಿ. ನಿಂತ ಲಾರಿಯ ಆಕ್ಸಿಲರೇಟರನ್ನು ಪೂರ್ತಿ ಒತ್ತಿ, ಹೊಗೆ ಎಷ್ಟು ದಟ್ಟವಾಗಿದೆಯೆಂದು ನೋಡಲಾಗುತ್ತದೆ. ಹಳೆಯ ಡೀಸೆಲ್ ವಾಹನಗಳಿಗೆ ಮಿತಿ 65 ಹಾರ್ಟ್ರಿಜ್. ಲಾರಿ ಹೇರು ಹೊತ್ತಿಲ್ಲ, ಏರು ಹತ್ತುತ್ತಿಲ್ಲ. ಟೆಸ್ಟಿನ ದಿನ ಸ್ಕ್ರೂ ಹಿಂದಕ್ಕೆ ತಿರುಗಿಸಿ, ಮರುದಿನ ಮುಂದಕ್ಕೆ ತಿರುಗಿಸಿದರೆ ಕೇಳುವವರಿಲ್ಲ. ಪರೀಕ್ಷೆಗೆ ಸಿಗದ ಹೊಗೆ ಘಾಟಿಯ ಬದಿಯ ಊರುಗಳ ಮನೆಯೊಳಗೆ ಸೇರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು ಡೀಸೆಲ್ ಹೊಗೆಯನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿದ್ದು 2012ರಲ್ಲಿ. ಆದ್ದರಿಂದ ಇದು ಲಾರಿಯವನೊಬ್ಬನ ಖಾಸಗಿ ನಷ್ಟದ ಪ್ರಶ್ನೆಯಷ್ಟೇ ಅಲ್ಲ.

ಹಾಗಾದರೆ ಹಳೆಯ ಲಾರಿಗಳನ್ನೆಲ್ಲ ಗುಜರಿಗೆ ಹಾಕಿಬಿಡಿ ಎಂಬುದು ನಗರದಲ್ಲಿ ಕುಳಿತ ನಮ್ಮಂಥವರ ಸುಲಭದ ಉತ್ತರ. ಒಂದೇ ಲಾರಿಯನ್ನು ನಂಬಿದ ಮನೆಗೆ ಹೊಸ ಲಾರಿಯ ಸಾಲ ಕೈಗೆಟುಕುವಂಥದ್ದಲ್ಲ ಎಂಬುದು ಆ ಉತ್ತರದಲ್ಲಿ ಮರೆತುಹೋಗುತ್ತದೆ. ಇದಕ್ಕೆ ವಿರುದ್ಧವಾದ ಇನ್ನೊಂದು ಧೋರಣೆಯೂ ನಮ್ಮಲ್ಲಿದೆ. ಓದು ಬರಹವಿಲ್ಲದ ಮೇಸ್ತ್ರಿ ಗುಜರಿ ಸಾಮಾನಿನಿಂದ ಅದ್ಭುತ ಮಾಡಿದನೆಂದು ಹೊಗಳಿ, ಅಲ್ಲಿಗೆ ಕೈತೊಳೆದುಕೊಳ್ಳುವುದು. ಒಂದು ಅವನನ್ನು ಅಪರಾಧಿಯಾಗಿಸುತ್ತದೆ, ಇನ್ನೊಂದು ಪವಾಡಪುರುಷನಾಗಿಸುತ್ತದೆ. ಅವನ ಕೈಗೆ ಒಂದು ಮಾಪಕ ಕೊಡುವ ಯೋಚನೆ ಮಾತ್ರ ಇಬ್ಬರಿಗೂ ಬರುವುದಿಲ್ಲ.

ಅಳತೆಯ ಸಂಸ್ಕೃತಿ ನಮಗೆ ಹೊರಗಿನದೂ ಅಲ್ಲ. 1951ರಲ್ಲಿ ಹುಟ್ಟಿ ಬೆಂಗಳೂರಿನ ಆಡುಗೋಡಿಯಲ್ಲಿ ಬೆಳೆದ ಮೈಕೊ ಕಾರ್ಖಾನೆ ದೇಶದ ಲಾರಿಗಳಿಗೆ ಡೀಸೆಲ್ ಪಂಪ್ ಕೊಟ್ಟಿತು. 2008ರಲ್ಲಿ ಅದರ ಹೆಸರು ಬಾಷ್ ಎಂದಾದರೂ ಲಾರಿಯವರ ಬಾಯಲ್ಲಿ ಇನ್ನೂ ‘ಮೈಕೊ ಪಂಪು’. ಆ ಪಂಪುಗಳ ಜೊತೆಗೆ ಕ್ಯಾಲಿಬ್ರೇಷನ್ ಎಂಬ ವಿದ್ಯೆಯೂ ಊರೂರಿಗೆ ಹೋಯಿತು. ಪಂಪನ್ನು ಬೆಂಚಿನ ಮೇಲಿಟ್ಟು ತಿರುಗಿಸಿ, ಸಾವಿರ ಹೊಡೆತಕ್ಕೆ ಪ್ರತಿ ಸಿಲಿಂಡರಿಗೆ ಎಷ್ಟು ಮಿಲಿಲೀಟರ್ ಡೀಸೆಲ್ ಹೋಗುತ್ತದೆಂದು ಗಾಜಿನ ನಳಿಕೆಗಳಲ್ಲಿ ಅಳೆದು ಕೊಡುವ ಅಂಗಡಿಗಳು ನಮ್ಮ ಪಟ್ಟಣಗಳಲ್ಲಿವೆ. ಹೀಗೆ ಅಳೆದು ಹೊಂದಿಸಿದ ಪಂಪಿನ ಲೆಕ್ಕವನ್ನು ಟರ್ಬೊ ಕೂರಿಸಿದ ಬಳಿಕ ಕಿವಿಯ ಭರವಸೆಗೆ ಬಿಡುವುದೇ ವಿಪರ್ಯಾಸ.

ಆಗಬೇಕಾದದ್ದು ಮೂರು ಕೆಲಸ. ಮೊದಲನೆಯದು, ಕಾನೂನಿನೊಳಗೇ ಒಂದು ದಾರಿ. ಸಿಎನ್‌ಜಿ, ಎಲ್‌ಪಿಜಿ ಕಿಟ್‌ಗಳನ್ನು ಷರತ್ತುಗಳೊಂದಿಗೆ ಅಳವಡಿಸಲು ಅದೇ 52ನೇ ಸೆಕ್ಷನ್ ಅವಕಾಶ ಕೊಟ್ಟಿದೆ. ಹಾಗೆಯೇ ಹೆಚ್ಚು ಬಳಕೆಯಲ್ಲಿರುವ ಕೆಲವು ಹಳೆಯ ಎಂಜಿನ್ನುಗಳಿಗೆ ಪರೀಕ್ಷಿಸಿ ಒಪ್ಪಿದ ಟರ್ಬೊ ಕಿಟ್, ಅದಕ್ಕೆ ತಕ್ಕ ಪಂಪಿನ ಲೆಕ್ಕ, ಸ್ಕ್ರೂವಿಗೆ ಮುದ್ರೆ, ನೋಂದಣಿ ಪತ್ರದಲ್ಲಿ ದಾಖಲೆ ಏಕಾಗಬಾರದು? ಬ್ರೇಕು ಮತ್ತು ಹೇರಿನ ಮಿತಿ ಬದಲಾಗದೆಂಬ ಷರತ್ತೂ ಅದರಲ್ಲಿರಲಿ. ಯೋಗ್ಯವಲ್ಲದ ಎಂಜಿನ್ನಿಗೆ ಅನುಮತಿ ಬೇಡ. ‘ಆಗದು’ ಎಂಬ ಉತ್ತರವನ್ನಾದರೂ ಪರೀಕ್ಷೆ ಕೊಡಲಿ. ಎರಡನೆಯದು, ಹೇರಿನ ಪರೀಕ್ಷೆ. 2021ರಲ್ಲಿ ಕೇಂದ್ರ ಸರ್ಕಾರ ಸ್ವಯಂಚಾಲಿತ ತಪಾಸಣಾ ಕೇಂದ್ರಗಳಿಗೆ ನಿಯಮ ರೂಪಿಸಿತು. ಎಂಜಿನ್ನಿಗೆ ಹೇರು ಕೊಟ್ಟು ಹೊಗೆಯನ್ನೂ ಬಿಸಿಯನ್ನೂ ಅಳೆಯುವ ಡೈನಮೋಮೀಟರ್ ಜಿಲ್ಲೆಗೊಂದರಂತೆ ಅಲ್ಲಿರಲಿ. ಮೇಸ್ತ್ರಿಗಳು ಅಲ್ಪ ಶುಲ್ಕ ಕೊಟ್ಟು ಅದನ್ನು ಬಳಸುವಂತಾಗಲಿ. ಮೂರನೆಯದು, ಶಿಕ್ಷಣ. ಇಪ್ಪತ್ತು ವರ್ಷ ಕೈಗೆ ಗ್ರೀಸ್ ಹಚ್ಚಿಕೊಂಡ ಮೇಸ್ತ್ರಿ ಐಟಿಐಗೆ ಬಂದು ಎರಡು ವಾರದಲ್ಲಿ ಬಿಸಿ, ಒತ್ತಡ, ಇಂಧನದ ಲೆಕ್ಕ ಕಲಿತು ಪ್ರಮಾಣಪತ್ರ ಪಡೆಯುವ ಏರ್ಪಾಡಾಗಬೇಕು.

ಇದು ಅಕ್ರಮಕ್ಕೆ ಪರವಾನಗಿ ಕೊಟ್ಟಂತಾಗುತ್ತದೆ ಎಂಬ ಆಕ್ಷೇಪ ಬರಬಹುದು. ಆದರೆ ನಿಷೇಧ ಇರುವಾಗಲೇ ಈ ಕೆಲಸ ನಡೆಯುತ್ತಿದೆ, ಕತ್ತಲಲ್ಲಿ ನಡೆಯುತ್ತಿದೆ. ಅಪಘಾತವಾದರೆ ವಿಮಾ ಕಂಪನಿಗೆ ತಕರಾರು ತೆಗೆಯಲು ಕಾರಣ ಸಿಗುತ್ತದೆ. ಎಂಜಿನ್ ಹೋದರೆ ಮಾಲೀಕ ದೂರು ಕೊಡುವಂತಿಲ್ಲ. ಬೆಳಕಿಗೆ ತಂದ ಕೆಲಸವನ್ನು ಮಾತ್ರ ನಿಯಂತ್ರಿಸಲು ಸಾಧ್ಯ.

ಆ ಹಾಸನದ ಮಾಲೀಕರು ಎಂಜಿನ್ ಮರಳಿ ಕಟ್ಟಿಸುವಾಗ ಟರ್ಬೊವನ್ನು ತೆಗೆಸಿಬಿಟ್ಟರು. ಲಾರಿ ಈಗ ಮೊದಲಿನಂತೆಯೇ ಕೆಳಗಿನ ಗೇರಿನಲ್ಲಿ ಘಾಟಿ ಹತ್ತುತ್ತದೆ. ಹೊಗೆಯ ಬಿಸಿ ತೋರಿಸುವ ಮಾಪಕವೊಂದಿದೆ, ಅದರ ಬೆಲೆ ಒಂದು ಲಾರಿ ಟೈರಿಗಿಂತ ಕಡಿಮೆ ಎಂದು ನಾನು ಹೇಳಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಅಂಥದ್ದೊಂದು ಇದೆ ಅಂತ ನಮಗೆ ಯಾರು ಹೇಳಿದ್ದರು ಸಾರ್?’ ಎಂದರು. ಅವರಿಗೆ ಆ ಮಾತನ್ನು ಹೇಳಬೇಕಾಗಿದ್ದವರು ಯಾರು ಎಂಬುದಕ್ಕೆ ಸಾರಿಗೆ ಇಲಾಖೆಯೂ ತಾಂತ್ರಿಕ ಶಿಕ್ಷಣ ಇಲಾಖೆಯೂ ಉತ್ತರಿಸಬೇಕಾಗಿದೆ.